ಎಡಗಾಲಿಗೆ ಎಪ್ಪತ್ತು

ತಾಂಬಾ
11 ಜುಲೈ 2024

ಅಪ್ಪಾ,

ರಾತ್ರಿ ಎರಡು ಗಂಟೆ ಹತ್ತು ನಿಮಿಷಕ್ಕೆ ಚರ್ರ್ ಎಂದು ಪಟ್ಟಿ ಕಿತ್ತ ಸಪ್ಪಳಕ್ಕೆ ಎಚ್ಚರವಾಯಿತು. ಈ ಮನೆಯಲ್ಲಿ ಆ ಸಪ್ಪಳ ಮಾಡುವ ವಸ್ತು ಒಂದೇ, ನಮ್ಮ ಕೂಸು ಸಾಕ್ಷಿಯ ಬೂಟು. ದೀಪ ಹಾಕಿದರೆ ನಮ್ಮ ಅತ್ತೆ ಕೂಸಿನ ಎಡಗಾಲು ಬಿಡಿಸಿ, ಬಲಗಾಲಿನ ಪಟ್ಟಿಗೆ ಕೈ ಹಾಕಿದ್ದರು.

"ಏನ್ ಮಾಡಾಕತ್ತೀರಿ?" ಎಂದೆ. ಕೂಗಿದೆ ಅನ್ನಬೇಕು, ಹೊರಗೆ ನಾಯಿ ಬೊಗಳಿತು.

"ಕೂಸು ಅಳಾಕತ್ತಿತ್ತವಾ. ಕಳ್ಳರಿಗೆ ಹಾಕಿದಂಗ ಬೇಡಿ ಹಾಕಿ ಮಲಗಿಸೀದಿ. ಒಂದ್ ತಾಸು ಕಾಲಿಗೆ ಗಾಳಿ ಆಡ್ಲಿ."

"ಡಾಕ್ಟರ್ ಏನ್ ಹೇಳ್ಯಾರ, ಗೊತ್ತೈತಿಲ್ಲ ನಿಮಗ?"

"ಡಾಕ್ಟರ್ ಕೂಸಿನ ಬಾಜೂಕ ಬಂದು ಮಲಗ್ತಾನೇನು?"

ಇವರು, ನಿನ್ನ ಅಳಿಯ, ಗೋಡೆಯ ಕಡೆ ಹೊರಳಿ ಮಲಗಿದರು. ನಾನು ಬೂಟು ಮತ್ತೆ ಬಿಗಿದೆ. ಕೂಸು ಅತ್ತು ಅತ್ತು ಸಾಕಾಗಿ ಈಗ ಮಲಗಿದೆ. ಮೂರು ಗಂಟೆ. ನನಗೆ ನಿದ್ದೆ ಬರುವುದಿಲ್ಲ. ಸಿಟ್ಟು ಇನ್ನೂ ಇಳಿದಿಲ್ಲ, ಅಕ್ಷರ ನೋಡಿದರೇ ನಿನಗೆ ತಿಳಿದೀತು.

ಎಷ್ಟು ಸಲ ತಿಳಿಸಿ ಹೇಳಿದ್ದೇನೆ ಗೊತ್ತೇ ಅತ್ತೆಗೆ? ಆಸ್ಪತ್ರೆಯ ಮೇಜಿನ ಮೇಲಿನ ಪ್ಲಾಸ್ಟಿಕ್ ಪಾದ ಹಿಡಿದು ಡಾಕ್ಟರು ನನಗೆ ಹೇಳಿದ್ದನ್ನೆಲ್ಲ ನಾನು ಒಲೆಯ ಮುಂದೆ ಲಟ್ಟಣಿಗೆ ಹಿಡಿದು ಅವರಿಗೆ ಹೇಳಿದೆ. ಪಾದದಲ್ಲಿ ಇಪ್ಪತ್ತಾರು ಎಲುಬು. ಅದರಲ್ಲಿ ಟೇಲಸ್ ಅನ್ನುವುದು ಕಣಕಾಲಿನ ಗಿಣ್ಣುಗಳ ನಡುವೆ ಸಿಕ್ಕಿಕೊಂಡು ಕೂತಿದೆ; ಒಂದೇ ಒಂದು ಸ್ನಾಯುವೂ ಅದಕ್ಕೆ ಅಂಟಿಲ್ಲ. ಉಳಿದ ಪಾದ ಅದರ ಸುತ್ತ ತಿರುಗುತ್ತದೆ. ನಮ್ಮ ಸಾಕ್ಷಿಯ ಎಡಪಾದ ಹೊಟ್ಟೆಯಲ್ಲೇ ಒಳಕ್ಕೆ ತಿರುಗಿತ್ತು, ಹಿಮ್ಮಡಿ ಮೇಲಕ್ಕೆ ಎಳೆದಿತ್ತು, ಅಂಗಾಲು ಇನ್ನೊಂದು ಕಾಲಿನ ಕಡೆ ನೋಡುತ್ತಿತ್ತು. ಹುಟ್ಟಿದ ಹದಿನೈದನೇ ದಿನದಿಂದ ವಾರಕ್ಕೊಂದರಂತೆ ಆರು ಪ್ಲಾಸ್ಟರ್. ಡಾಕ್ಟರು ಹೆಬ್ಬೆರಳಿನಲ್ಲಿ ಟೇಲಸ್ ಒತ್ತಿ ಹಿಡಿದು ಉಳಿದ ಪಾದವನ್ನು ಸ್ವಲ್ಪ ಸ್ವಲ್ಪ ಹೊರಕ್ಕೆ ತಂದರು. ಆಮೇಲೆ ಹಿಮ್ಮಡಿಯ ಹಿಂದಿನ ಹುರಿಯಂಥ ನರ ಕೊಯ್ದು ಮೂರು ವಾರ ಮತ್ತೆ ಪ್ಲಾಸ್ಟರ್. ಅದು ಉದ್ದವಾಗಿ ಕೂಡಿಕೊಂಡಿತು. ಈಗ ಈ ಬೂಟು. ಎರಡು ಬೂಟಿನ ನಡುವೆ ಒಂದು ಲೋಹದ ಪಟ್ಟಿ. ನಾಲ್ಕು ವರ್ಷ ತುಂಬುವವರೆಗೆ ಪ್ರತಿ ರಾತ್ರಿ. ಹಾಕದಿದ್ದರೆ ಪಾದ ತನ್ನ ಹಳೆಯ ಜಾಗಕ್ಕೆ ಹೋಗುತ್ತದೆ. ಅಷ್ಟೇ ಮಾತು. ಇದು ತಿಳಿಯದಷ್ಟು ಕಷ್ಟವೇ?

ಅವ್ವ ಇದ್ದಿದ್ದರೆ ಅವಳ ಮುಂದೆ ಅತ್ತುಬಿಡುತ್ತಿದ್ದೆ. ನಿನಗೆ ಫೋನ್ ಮಾಡಿದರೆ ಕೇಳಿಸುವುದಿಲ್ಲ. ಮೂವತ್ತು ವರ್ಷ ಕಬ್ಬಿಣ ಬಡಿದು ಕಿವಿ ಕಳೆದುಕೊಂಡೆ. ಹಲೋ ಹಲೋ ಎಂದು ಕೂಗಿ, ನೀನು ಹೇಳುವುದನ್ನು ಹೇಳಿ ಇಟ್ಟುಬಿಡುತ್ತೀ. ಆದ್ದರಿಂದ ಬರೆಯುತ್ತಿದ್ದೇನೆ. ಬೆಳಿಗ್ಗೆ ಇವರು ಮುದ್ದೇಬಿಹಾಳದ ಡ್ಯೂಟಿಗೆ ಹೋಗುವಾಗ ಬಾಗೇವಾಡಿ ಸ್ಟ್ಯಾಂಡಿನಲ್ಲಿ ನಿಮ್ಮೂರ ಬಸ್ಸಿಗೆ ಕೊಡುತ್ತಾರೆ. ಕಂಡಕ್ಟರನ್ನು ಕಟ್ಟಿಕೊಂಡಿದ್ದಕ್ಕೆ ಇಷ್ಟಾದರೂ ಲಾಭ.

ಹಾಳೆಯ ಹಿಂದೆ ಬೂಟಿನ ಚಿತ್ರ ತೆಗೆದಿದ್ದೇನೆ. ಎಡಗಡೆಯ ಸ್ಕ್ರೂ ಸಡಿಲಾಗಿದೆ, ಕೂಸು ಒದ್ದಾಗಲೆಲ್ಲ ಕಿರ್ ಕಿರ್ ಅನ್ನುತ್ತದೆ. ಪಂಚಮಿಗೆ ಬಂದಾಗ ಬಿಗಿಮಾಡಿ ಕೊಡು.

ಭಾಗ್ಯಜ್ಯೋತಿ


ಇಂಗಳೇಶ್ವರ
16 ಜುಲೈ 2024

ಭಾಗ್ಯಾ,

ಪತ್ರ ಮುಟ್ಟಿತು. ಬಿತ್ತಿಗೆ ಹಂಗಾಮ, ಶೆಡ್ಡಿನಾಗ ಕೂರಿಗಿ ಸಾಲಾಗಿ ನಿಂತಾವ. ಹಂಗಾಗಿ ತಡ ಆತು.

ನೀ ಬರೆದ ಎಲುಬಿನ ಸುದ್ದಿ ಎರಡು ಸಲ ಓದಿದೆ. ಟೇಲಸ್ ಅಂದ್ರ ಟ್ರ್ಯಾಲಿ ಕೊಂಡಿಯ ಪಿನ್ನು ಇದ್ದಂಗ. ತಾ ಏನೂ ಎಳೆಯೂದಿಲ್ಲ, ಆದ್ರ ಎಲ್ಲಾ ಅದರ ಸುತ್ತ ತಿರುಗತೈತಿ. ಪಿನ್ನು ಸರಿ ಕೂಡಲಿಲ್ಲ ಅಂದ್ರ ಟ್ರ್ಯಾಲಿ ದಾರಿ ಬಿಡತೈತಿ. ತಿಳೀತು ನನಗ.

ಚಿತ್ರ ನೋಡಿದೆ. ಎಡಗಡೆ ಬೂಟು ಬಾಳ ಹೊರಗ ಹೋಗೇತಿ, ಬಲಗಡೆದು ಕಡಿಮಿ. ನಿನ್ನ ಚಿತ್ರ ತಪ್ಪೈತೋ, ಸಾಮಾನು ತಪ್ಪೈತೋ? ಬರಿ.

ನಿಮ್ಮತ್ತಿ ದುರ್ಗವ್ವನ ಕೂಡ ಜಗಳ ತೆಗೀಬ್ಯಾಡ. ಆಕಿ ಆರು ಹಡದು ಮೂರು ಉಳಿಸಿಕೊಂಡಾಕಿ. ಕೂಸು ಅತ್ರ ಆಕಿಗೆ ಎದಿ ಹಾರತಿರಬೇಕು.

ಪಂಚಮಿಗೆ ಬಾ. ಉಂಡಿ ಕಟ್ಟಾಕ ಬಾಜೂ ಮನಿ ರುಕ್ಮವ್ವಗ ಹೇಳೇನಿ.

ಚಂದ್ರಾಮ


ತಾಂಬಾ
27 ಆಗಸ್ಟ್ 2024

ಅಪ್ಪಾ,

ಬಂದು ಎರಡು ವಾರದ ಮೇಲಾಯಿತು, ಬರೆಯಲು ಈಗ ಕೂತೆ. ನಿನ್ನ ಮನೆಯಲ್ಲಿ ಪಂಚಮಿಯ ರಾತ್ರಿ ನಾನು ಎಂಟು ತಾಸು ಮಲಗಿದೆ. ಸಾಕ್ಷಿ ಹುಟ್ಟಿದ ಮೇಲೆ ಎಂಟು ತಾಸು ಮಲಗಿದ್ದು ಅದೇ ಮೊದಲು. ಕೂಸನ್ನು ರುಕ್ಮವ್ವನ ಮಗ್ಗುಲಲ್ಲಿ ಹಾಕಿ, ಬೂಟು ನಿನ್ನ ಕೈಗೆ ಕೊಟ್ಟು, ತಲೆ ಇಟ್ಟದ್ದಷ್ಟೇ ಗೊತ್ತು. ಎದ್ದಾಗ ಬಿಸಿಲು ಅಂಗಳಕ್ಕೆ ಬಂದಿತ್ತು. ನೀನು ಬೂಟು ಒರೆಸಿ, ಎಣ್ಣೆ ಬಿಟ್ಟು, ಗೂಟಕ್ಕೆ ತೂಗುಹಾಕಿದ್ದೆ. ನೀನು ಶೆಡ್ಡಿಗೆ ಹೋಗಿದ್ದೆ.

ಈಗ ಅದು ಕಿರುಗುಟ್ಟುವುದಿಲ್ಲ. ಕೂಸೂ ಮೊದಲಿಗಿಂತ ಸುಮ್ಮನೆ ಮಲಗುತ್ತದೆ. ಪಟ್ಟಿಯ ಮೇಲೆ ಸ್ಕ್ರೂ ಪಕ್ಕ ಪಂಚ್ ಇಟ್ಟು ಹೊಡೆದ ನಿನ್ನ ಚುಕ್ಕಿ ನೋಡಿ ನಗು ಬಂತು. ಕೂರಿಗೆಯ ಅಳತೆ ಕೂಡಿದ ಮೇಲೆ ಹೊಡೆಯುತ್ತೀಯಲ್ಲ, ಇನ್ನು ಯಾರೂ ಮುಟ್ಟಬಾರದು ಎಂದು, ಅದೇ ಚುಕ್ಕಿ. ಮೊಮ್ಮಗಳ ಬೂಟಿಗೂ ಬಿತ್ತು.

ಇಷ್ಟು ಒಳ್ಳೆಯ ಸುದ್ದಿ ಈ ಮನೆಯಲ್ಲಿ ಎಷ್ಟು ದಿನ ಬಾಳುತ್ತದೆ ಹೇಳು! ಮೊನ್ನೆ ಕೂಸಿಗೆ ಬೂಟು ಹಾಕುವಾಗ ಅತ್ತೆ ಹತ್ತಿರ ಬಂದು ಕೂತರು. ಬಗ್ಗಿ ನೋಡಿದರು. ಆಮೇಲೆ ಶುರು.

"ಈ ಬೂಟು ಮೊದಲಿನಂಗ ಇಲ್ಲಲ್ಲವಾ."

"ಯಾಕ್ರಿ?"

"ಎಡದ್ದು ಆ ಬಾಗಲಾ ನೋಡತಿತ್ತು. ಈಗ ಒಲಿ ನೋಡಾಕತ್ತೈತಿ."

ಸಂಕಟವಾಯಿತು ನನಗೆ. ಏಳು ತಿಂಗಳು ಆ ಬೂಟನ್ನು ಬೇಡಿ ಅಂದವರು ಇವರು. ಈಗ ನಮ್ಮಪ್ಪ ಮುಟ್ಟಿದ ಮೇಲೆ ಬೂಟಿನ ಮೇಲೆ ಇದ್ದಕ್ಕಿದ್ದಂತೆ ಕಾಳಜಿ! "ನಮ್ಮಪ್ಪ ಮಾಡಿದ್ದು ನಿಮಗ ಸೇರಲಿಲ್ಲ, ಅಷ್ಟ ಹೇಳ್ರಿ," ಎಂದೆ. ಮುಖ ಸಣ್ಣದು ಮಾಡಿಕೊಂಡು ಎದ್ದರು. "ಸಾಲಿ ಕಲ್ತಾಕಿ ನೀ. ನಿನಗ ಗೊತ್ತಿರತೈತಿ ಬಿಡು," ಅಂದು ಹೋದರು. ಈ ಮಾತು ಕೇಳಿ ಕೇಳಿ ನನ್ನ ಬಿ.ಎಸ್ಸಿ. ಸರ್ಟಿಫಿಕೇಟನ್ನು ಒಲೆಗೆ ಹಾಕಿಬಿಡಲೇ ಅನ್ನಿಸುತ್ತದೆ. ಸಿಂದಗಿಗೆ ಮೂರು ವರ್ಷ ಬಸ್ಸಿನಲ್ಲಿ ನಿಂತು ಹೋಗಿ ಬಂದದ್ದು ಇದನ್ನು ಕೇಳುವುದಕ್ಕೇ?

ನಿನ್ನ ಮೇಲೆ ಮಾತು ಬಂದದ್ದಕ್ಕೆ ಬರೆದೆ. ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಭಾಗ್ಯಜ್ಯೋತಿ


ಇಂಗಳೇಶ್ವರ
5 ಸೆಪ್ಟೆಂಬರ್ 2024

ಭಾಗ್ಯಾ,

ಮಳಿ ಚಲೋ ಆಗೇತಿ. ತೊಗರಿ ಮೊಣಕಾಲಿಗೆ ಬಂದೈತಿ.

ದುರ್ಗವ್ವ ಬೂಟಿನ ಸುದ್ದಿ ಏನಂದ್ಲು, ಇನ್ನೊಮ್ಮೆ ಸರಿಯಾಗಿ ಕೇಳಿ ಬರಿ. ಆಕಿ ಕಣ್ಣು ಚಲೋ ಅದಾವ. ಜ್ವಾಳದಾಗಿನ ಹರಳು ನಿನಗ ನನಗ ಕಾಣೂದಿಲ್ಲ, ಆಕಿಗೆ ಕಾಣತಾವ.

ಮತ್ತ, ಡಾಕ್ಟರ್ ಬೂಟು ಎಷ್ಟು ತಿರುಗಿರಬೇಕು ಅಂತ ಲೆಕ್ಕಾ ಏನರ ಹೇಳಿದ್ರೇನು? ಎರಡೂ ಸಮಾ ಇರಬೇಕೋ, ಹ್ಯಾಂಗೋ? ಸುಮ್ಮ ಕೇಳಿದೆ.

ಕೂಸಿನ ಎಡ ಹಿಮ್ಮಡಿ ನೆಲಕ್ಕ ಹತ್ತತೈತೇನು ನೋಡು.

ಚಂದ್ರಾಮ


ತಾಂಬಾ
19 ಸೆಪ್ಟೆಂಬರ್ 2024

ಅಪ್ಪಾ,

ನಿನ್ನ ಪತ್ರ ಓದಿ ಮೈ ಉರಿಯಿತು. ನಾನು ಬರೆದದ್ದು ಅತ್ತೆ ನಿನ್ನನ್ನು ಆಡಿಕೊಂಡರು ಎಂದು. ನೀನು ಬರೆಯುವುದು ಆಕೆಯ ಕಣ್ಣು ಚೆನ್ನಾಗಿವೆ ಎಂದು. ಜೋಳದ ಹರಳು ಆರಿಸಿದ ಹಾಗೆಯೇ ಪಾದ, ಎಲುಬು? ನನ್ನ ಪರವಾಗಿ ಒಂದು ಮಾತು ಆಡುವವರು ಒಬ್ಬರಾದರೂ ಬೇಡವೇ? ಇಲ್ಲಿ ಗಂಡ ಗೋಡೆ ನೋಡುತ್ತಾನೆ, ಅಲ್ಲಿ ಅಪ್ಪ ಬೀಗತಿಯನ್ನು ಹೊಗಳುತ್ತಾನೆ. ಕೇಳುವುದಿಲ್ಲ ನಾನು ಆಕೆಯನ್ನು. ಮತ್ತೊಮ್ಮೆ ಆ ಮಾತು ಎತ್ತಿ ನನಗೆ ನಾನೇ ಅವಮಾನ ಮಾಡಿಕೊಳ್ಳುವುದಿಲ್ಲ.

ಲೆಕ್ಕ ಕೇಳಿದ್ದೀ. ಹೌದು, ಲೆಕ್ಕವಿದೆ. ಎಡಗಾಲಿಗೆ ಎಪ್ಪತ್ತು ಡಿಗ್ರಿ, ಬಲಗಾಲಿಗೆ ನಲವತ್ತು. ಸೊಟ್ಟ ಇದ್ದ ಪಾದವನ್ನು ಬೇಕಂತಲೇ ಹೆಚ್ಚು ಹೊರಕ್ಕೆ ಇಡುತ್ತಾರೆ, ಒಳಕ್ಕೆ ಎಳೆಯುವ ಅದರ ಗುಣ ಗೆಲ್ಲಬಾರದೆಂದು. ಸಮ ಇರಬಾರದು, ಅದೇ ಅದರ ವಿದ್ಯೆ. ಆಯಿತೇ? ಕೂರಿಗೆಯಲ್ಲಿ ಸಾಲು ಕೊರೆಯುವ ಎರಡು ತಾಳುಗಳಲ್ಲ ಇವು.

ಹಿಮ್ಮಡಿ ಹತ್ತುತ್ತದೆ. ಹತ್ತದೆ ಏನು? ನಾನು ರಾತ್ರಿ ಎರಡು ಸಲ ಎದ್ದು ನೋಡುತ್ತೇನೆ.

ಭಾಗ್ಯಜ್ಯೋತಿ


ತಾಂಬಾ
12 ನವೆಂಬರ್ 2024

ಅಪ್ಪಾ,

ಸೆಪ್ಟೆಂಬರಿನಲ್ಲಿ ಬರೆದ ಪತ್ರಕ್ಕೆ ನೀನು ಉತ್ತರ ಕೊಡಲಿಲ್ಲ. ಸಿಟ್ಟಾಗಿದ್ದೀ ಅಂದುಕೊಂಡೆ. ದೀಪಾವಳಿಗೆ ಬಾ, ಬೂಟನ್ನೂ ತಗೊಂಡು ಬಾ ಎಂದು ನೀನು ಇವರ ಬಾಯಲ್ಲಿ ಹೇಳಿಕಳಿಸಿದೆ. ಎರಡು ಸಲ ಹೇಳಿಕಳಿಸಿದೆಯಂತೆ. ಪತ್ರ ಬರೆಯಲು ಆಗದವನ ಮನೆಗೆ ನಾನೇಕೆ ಬರಲಿ ಎಂದು ಬರಲಿಲ್ಲ. ಈಗ ಆ ಮಾತು ಬಿಡು.

ಸಾಕ್ಷಿಯ ಕಾಲು ತಿರುಗಿದೆ, ಅಪ್ಪಾ.

ಹದಿನೈದು ದಿನದ ಹಿಂದೆ ಮಂಚ ಹಿಡಿದು ಎದ್ದು ನಿಂತಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ನೆಲ ನೋಡುತ್ತಿದ್ದೆ. ಆಗತಾನೇ ಎರೆದು ತಂದಿದ್ದೆ, ಕಾಲು ಒದ್ದೆ. ಶಹಾಬಾದ್ ಕಲ್ಲಿನ ಮೇಲೆ ಬಲ ಹೆಜ್ಜೆ ಪೂರ್ತಿ ಮೂಡಿತ್ತು. ಎಡದ್ದು ಹೊರಗಿನ ಅಂಚು, ಬೆರಳು ಅಷ್ಟೇ. ಹಿಮ್ಮಡಿ ಇದ್ದ ಕಡೆ ಕಲ್ಲು ಒಣಗಿತ್ತು. ಒರೆಸಿ ಮತ್ತೊಮ್ಮೆ ನಿಲ್ಲಿಸಿದೆ. ಮತ್ತೂ ಹಾಗೇ.

ನಿನ್ನೆ ವಿಜಯಪುರಕ್ಕೆ ಕರೆದೊಯ್ದೆವು. ಬಸ್ಸಿನಲ್ಲಿ ತೊಡಕಾಗುತ್ತದೆಂದು ಬೂಟು ಒಯ್ದಿರಲಿಲ್ಲ, ಹೇಗೂ ಅದು ರಾತ್ರಿಯದು. ಡಾಕ್ಟರು ಪಾದ ಹಿಡಿದು ಮೇಲಕ್ಕೆ ಒತ್ತಿದರು, ಬಾಗಲಿಲ್ಲ. ಕನ್ನಡಕ ತೆಗೆದಿಟ್ಟರು.

"ಬೂಟು ದಿನಾ ಹಾಕ್ತೀರಾ?"

ನಾನು ಹೇಳಿಬಿಟ್ಟೆ. ಅತ್ತೆ ಬಾಗಿಲ ಬಳಿ ಕೂಸಿನ ಟೊಪ್ಪಿಗೆ ಹಿಡಿದು ನಿಂತಿದ್ದರು. ಇವರಿದ್ದರು, ನರ್ಸಿದ್ದಳು, ಮುಂದಿನ ಪಾಳಿಯವರೂ ಒಳಗೆ ಬಂದಿದ್ದರು. ಎಲ್ಲರ ಮುಂದೆ ಹೇಳಿದೆ. "ನಾನು ಹಾಕ್ತೇನಿ, ಸರ್. ಇವರು ದಿನಾ ರಾತ್ರಿ ಬಿಚ್ಚತಾರ."

ಡಾಕ್ಟರು ಅತ್ತೆಯ ಕಡೆ ನೋಡಿದರು. ಆಕೆ ಟೊಪ್ಪಿಗೆಯ ದಾರ ಬೆರಳಿಗೆ ಸುತ್ತುತ್ತ ನಿಂತರು. ಇಲ್ಲ ಅಂದಿದ್ದರೂ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

ಡಾಕ್ಟರು ಕೂಗಾಡಲಿಲ್ಲ. ಮೆತ್ತಗೇ ಹೇಳಿದರು. "ಬೂಟು ಸರಿಯಾಗಿ ಹಾಕೋ ಮನೆಯಾಗಿದ್ದರೆ ಮತ್ತೆ ನಾಲ್ಕು ಪ್ಲಾಸ್ಟರ್ ಹಾಕಿ ಸರಿಪಡಿಸ್ತಿದ್ದೆ. ಮತ್ತೆ ಬಿಚ್ಚೋದೇ ಆದರೆ ಪ್ಲಾಸ್ಟರ್ ಹಾಕಿ ಏನು ಉಪಯೋಗ? ಆಪರೇಷನ್ ಮಾಡಿ ಒಳಗಿನ ಕೀಲುಗಳನ್ನೇ ಬಿಡಿಸಬೇಕಾಗುತ್ತೆ. ದೊಡ್ಡವಳಾದಾಗ ಪಾದ ಸ್ವಲ್ಪ ಬಿಗಿಯಾಗಬಹುದು, ನೋಯಬಹುದು. ಇದೇ ಹದಿನೆಂಟನೇ ತಾರೀಖಿಗೆ ಬನ್ನಿ, ಬೂಟೂ ತನ್ನಿ."

ಹದಿನೆಂಟಕ್ಕೆ ಕೊಯ್ಯುತ್ತಾರೆ. ವರ್ಷದ ಕೂಸು. ಬರುವಾಗ ಬಸ್ಸಿನಲ್ಲಿ ಇವರು ತಮ್ಮ ಅವ್ವನ ಮೇಲೆ ಎಗರಿಬಿದ್ದರು, ಇಷ್ಟು ವರ್ಷದಲ್ಲಿ ಮೊದಲ ಸಲ. "ನಿನ್ನ ಕೈ ಸುಮ್ಮ ಇಟ್ಕೊಳ್ಳಾಕ ಏನಾಗಿತ್ತ ಯವ್ವಾ?" ಆಕೆ ಬಗ್ಗಿ ಕೂಸಿನ ಟೊಪ್ಪಿಗೆಯ ದಾರ ಕಟ್ಟಿದರು. ನಿನ್ನೆಯಿಂದ ಉಂಡಿಲ್ಲ. ಝಳಕಿಯ ತಂಗಿಯ ಮನೆಗೆ ಹೋಗುತ್ತೇನೆಂದು ಸೀರೆ ಮಡಚಿ ಇಟ್ಟಿದ್ದಾರೆ. ಹೋಗಲಿ. ಕೊನೆಗೂ ನಾನು ಗೆದ್ದೆ. ಗೆದ್ದು ಏನು ಮಾಡಲಿ?

ಭಾಗ್ಯಜ್ಯೋತಿ


ಇಂಗಳೇಶ್ವರ
15 ನವೆಂಬರ್ 2024

ಭಾಗ್ಯಾ,

ಹದಿನೆಂಟಕ್ಕ ಹೋಗೂದ್ರೊಳಗ ಆ ಬೂಟು ನನ್ನ ಕಡೆ ಕಳಿಸು. ಅಳಿಯಂದಿರ ಕೈಯಾಗ ಕೊಟ್ಟು ಕಳಿಸು. ಒಂದು ರಾತ್ರಿ ಸಾಕು. ಡಾಕ್ಟರಿಗೆ ತೋರಸೂಕಿಂತ ಮೊದಲ ನಾ ಒಮ್ಮೆ ನೋಡಬೇಕು.

ದುರ್ಗವ್ವಗ ಏನೂ ಅನ್ನಬ್ಯಾಡ. ಕೈ ಮುಗಿದು ಹೇಳತೇನಿ.

ಚಂದ್ರಾಮ


ತಾಂಬಾ
17 ನವೆಂಬರ್ 2024, ಮಧ್ಯಾಹ್ನ

ಅಪ್ಪಾ,

ನಿನ್ನ ನಾಲ್ಕು ಸಾಲಿನ ಚೀಟಿ ನಿನ್ನೆ ಸಂಜೆ ಬಂತು. ಕಾಲು ತಿರುಗಿದೆ ಎಂದು ಬರೆದರೆ ಕೂಸು ಹೇಗಿದೆ ಎಂದು ಕೇಳಲಿಲ್ಲ. ನಾನು ಹೇಗಿದ್ದೇನೆ ಎಂದೂ ಕೇಳಲಿಲ್ಲ. ಬೂಟು ಕಳಿಸು ಅಂದೆ. ಡಾಕ್ಟರಿಗೆ ತೋರಿಸುವ ಮೊದಲು ಅಂದೆ.

ಆಗ ನನಗೆ ಅತ್ತೆಯ ಮಾತು ನೆನಪಾಯಿತು. ಎಡದ್ದು ಬಾಗಿಲ ಕಡೆ ನೋಡುತ್ತಿತ್ತು, ಈಗ ಒಲೆಯ ಕಡೆ ನೋಡುತ್ತದೆ.

ಟ್ರಂಕು ತೆಗೆದು ಸಾಲೆಯ ದಿನಗಳ ಕಂಪಾಸ್ ಪೆಟ್ಟಿಗೆ ಹುಡುಕಿದೆ. ಕೋನಮಾಪಕ ಒಂದು ಮೂಲೆ ಮುರಿದಿದೆ, ಅಂಕಿ ಕಾಣುತ್ತವೆ. ಬೂಟನ್ನು ಹಾಳೆಯ ಮೇಲಿಟ್ಟು ಗೆರೆ ಎಳೆದು ಅಳೆದೆ. ಬಲ ನಲವತ್ತು. ಎಡ ನಲವತ್ತು. ಮೂರು ಸಲ ಅಳೆದೆ. ಸ್ಕ್ರೂ ಬಿಚ್ಚಿದೆ. ಕೆಳಗೆ ಮೊದಲು ಬೂಟು ಕೂತಿದ್ದ ಗುರುತು ಲೋಹದ ಮೇಲೆ ಹಾಗೇ ಇದೆ, ಬೇರೆ ಓರೆಯಲ್ಲಿ. ಅದನ್ನೂ ಅಳೆದೆ. ಎಪ್ಪತ್ತು. ಪಕ್ಕದಲ್ಲಿ ನಿನ್ನ ಚುಕ್ಕಿ ಮಿರಮಿರ ಮಿಂಚುತ್ತಿದೆ. ಅಳತೆ ಕೂಡಿತು, ಇನ್ನು ಯಾರೂ ಮುಟ್ಟಬೇಡಿ!

ಯಾಕಪ್ಪಾ? ಯಾರು ನಿನಗೆ ಸಮ ಮಾಡು ಎಂದರು? ಬಿಗಿಮಾಡು ಎಂದಿದ್ದೆ ನಾನು. ಒಂದು ಸ್ಕ್ರೂ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇದ್ದದ್ದು ನಿನ್ನ ಕಣ್ಣಿಗೆ ಚುಚ್ಚಿತು. ಕೂರಿಗೆಯ ತಾಳು ಓರೆಯಾದರೆ ಸಾಲು ಕೆಡುತ್ತದೆ ಎಂದು ಮೂವತ್ತು ವರ್ಷ ಸರಿಮಾಡಿದ ಕೈ ಅಲ್ಲಿಯೂ ಸರಿಮಾಡಿತು. ಇಷ್ಟು ತಪ್ಪು ನನಗೆ ಅರ್ಥವಾಗುತ್ತದೆ. ಜುಲೈಯಲ್ಲಿ ನೀನು ಕೇಳಿದ್ದೆ, ಚಿತ್ರ ತಪ್ಪೋ ಸಾಮಾನು ತಪ್ಪೋ ಎಂದು. ನಾನು ಉತ್ತರವನ್ನೇ ಬರೆಯಲಿಲ್ಲ. ಪಂಚಮಿಯ ರಾತ್ರಿ ಎಬ್ಬಿಸಿ ಕೇಳೋಣವೆಂದರೆ ಮಗಳು ಎಂಟು ತಾಸು ಮಲಗಿದ್ದಳು. ನೀನು ಎಬ್ಬಿಸಲಿಲ್ಲ. ಯಾಕೆ ಎಬ್ಬಿಸಲಿಲ್ಲ ಎಂಬುದೂ ನನಗೆ ಗೊತ್ತು. ಅದಕ್ಕೇ ಇನ್ನೂ ಸಿಟ್ಟು.

ಆದರೆ ಸೆಪ್ಟೆಂಬರಿನಲ್ಲಿ ನಾನು ಎಪ್ಪತ್ತು ಎಂದು ಬರೆದೆ. ಓದಿದೆಯಲ್ಲ? ಓದಿದ ದಿನವೇ ನಿನಗೆ ಗೊತ್ತಾಯಿತಲ್ಲ? ಅಂದೇ ಒಂದು ಸಾಲು ಬರೆದಿದ್ದರೆ ಒಂದು ಪಾನಾ ಹಿಡಿದು ನಾನೇ ತಿರುಗಿಸುತ್ತಿದ್ದೆ. ಹತ್ತಿರ ಹತ್ತಿರ ಎರಡು ತಿಂಗಳು, ಅಪ್ಪಾ. ಪ್ರತಿ ರಾತ್ರಿ ನಾನು ನನ್ನ ಕೈಯಾರೆ ಆ ಪಾದವನ್ನು ಒಳಕ್ಕೆ ಬಿಟ್ಟೆ, ಬಿಗಿದು ಬಿಗಿದು. ನೀನು ಹಬ್ಬಕ್ಕೆ ಬಾ ಎಂದು ಹೇಳಿಕಳಿಸುತ್ತಿದ್ದೆ. ಗುಟ್ಟಾಗಿ ಸರಿಮಾಡಿ ಕಳಿಸೋಣ, ಯಾರಿಗೂ ತಿಳಿಯದಿರಲಿ ಎಂದು. ಈಗಲೂ ಅದೇ. ಒಂದು ರಾತ್ರಿ ಸಾಕು!

ನಿನ್ನನ್ನು ಬೈಯುವ ಬಾಯಿ ನನಗೂ ಇಲ್ಲ. ನಾನು ಹೇಳದೆ ಬಿಟ್ಟದ್ದನ್ನೂ ಕೇಳು. ಆ ಎರಡು ಗಂಟೆ ಹತ್ತು ನಿಮಿಷದ ರಾತ್ರಿ ಅತ್ತೆ ಬೂಟು ಬಿಚ್ಚಿದ್ದು ನಿಜ. ಕೂಸಿನ ಹಿಮ್ಮಡಿಯಲ್ಲಿ ಗುಲಗಂಜಿಯಷ್ಟು ಗುಳ್ಳೆ ಎದ್ದಿತ್ತು. ಬೆರಳು ಇಟ್ಟು ತೋರಿಸಿದರು ನನಗೆ. ನಾನು ಅದರ ಮೇಲೆಯೇ ಪಟ್ಟಿ ಬಿಗಿದೆ. ನಿನಗೆ ಬರೆಯಲಿಲ್ಲ. ಆಮೇಲೆ ಒಂದು ರಾತ್ರಿಯೂ ಆಕೆ ಆ ಬೂಟಿಗೆ ಕೈ ಹಚ್ಚಿಲ್ಲ. ದಿನಾ ಬಿಚ್ಚುತ್ತಾರೆ ಎಂದು ಡಾಕ್ಟರ ಮುಂದೆ ನಾನು ಹೇಳಿದ್ದು ಸುಳ್ಳು. ಸಿಟ್ಟಿಗೆ ಆಡಿದ ಸುಳ್ಳು. ಆ ಸುಳ್ಳಿನ ಮೇಲೆ ನಾಳೆ ನನ್ನ ಕೂಸಿನ ಕಾಲು ಕೊಯ್ಯುತ್ತಾರೆ.

ಬೆಳಿಗ್ಗೆ ಅತ್ತೆಯ ಹತ್ತಿರ ಹೋದೆ. ಹಿತ್ತಲಲ್ಲಿ ಮೊರ ಹಿಡಿದು ಕೂತಿದ್ದರು. ಬೂಟು ಮುಂದಿಟ್ಟು ಎಲ್ಲ ಹೇಳಿದೆ, ನಿನ್ನದೂ ನನ್ನದೂ. ನಾನು ಆಗಲೇ ಹೇಳಿದ್ದೆನಲ್ಲ ಅನ್ನುತ್ತಾರೆ, ಅನ್ನಿಸಿಕೊಳ್ಳೋಣ ಎಂದು ಕಾದೆ. ಮೊರ ಕೆಳಗಿಟ್ಟು ಕೇಳಿದ್ದು ಇಷ್ಟೇ:

"ಇದ ಹೇಳಿದ್ರ ಆಪರೇಷನ್ ನಿಲ್ಲತೈತೇನು?"

"ನಿಲ್ಲಬಹುದ್ರಿ. ದಿನಾ ಹಾಕೇವಿ, ಅಳತಿ ತಪ್ಪಿತ್ತು ಅಂತ ನಂಬಿದ್ರ ಪ್ಲಾಸ್ಟರ್ ಹಾಕ್ತಾರ."

"ನಂಬ್ತಾರೇನು ನಿನ್ನ ಮಾತು?"

ಇವರೇ ನಂಬಲಿಲ್ಲ. ಡ್ಯೂಟಿ ಮುಗಿಸಿ ಬಂದವರು ಚಪ್ಪಲಿ ಬಿಡದೆ ನಿಂತಲ್ಲೇ ಹೇಳಿದರು: "ಮೊನ್ನೆ ನಮ್ಮವ್ವನ ಮ್ಯಾಲೆ ಹಾಕಿದಿ. ನಾ ನಂಬಿ ಆಕಿಗೆ ಬಸ್ಸಿನ ತುಂಬ ಕೇಳೂವಂಗ ಬೈದೆ. ಇವತ್ತ ನಿಮ್ಮಪ್ಪನ ಮ್ಯಾಲೆ ಹಾಕ್ತಿ. ನಾಳಿಗಿ ಯಾರ ಪಾಳಿ? ಸ್ಕ್ರೂ ಯಾರ ಬೇಕಾದ್ರೂ ತಿರುವಬಹುದು. ಮೂರು ತಿಂಗಳ ಹಿಂದ ತಿರುವ್ಯಾರ ಅಂತ ಯಾರು ಹೇಳಬೇಕು? ನಿಮ್ಮಪ್ಪನ ಬಾಯಿಂದ ಬರಲಿ. ಬಂತಂದ್ರ ಡಾಕ್ಟರ್ ಮುಂದ ನಾ ನಿಂತು ಹೇಳತೇನಿ. ಇಲ್ಲಂದ್ರ ಹೋಗಿ ಸುಮ್ಮ ಸಹಿ ಮಾಡತೇನಿ." ತಪ್ಪು ಅನ್ನಲಾರೆ ಅವರಿಗೆ. ತಾಯಿಗೆ ಬೈದ ನಾಲಿಗೆ ಇನ್ನೂ ಉರಿಯುತ್ತಿದೆ ಅವರದು.

ಬೂಟು ನಿನಗೆ ಕಳಿಸುವುದಿಲ್ಲ. ನಿನ್ನ ಚುಕ್ಕಿಯ ಸಮೇತ, ನಲವತ್ತು ನಲವತ್ತು ಇದ್ದ ಹಾಗೆಯೇ ಮತ್ತೆ ಬಿಗಿದು ಡಾಕ್ಟರ ಮೇಜಿನ ಮೇಲೆ ಇಡುತ್ತೇನೆ.

ಈ ಪತ್ರ ನಾಲ್ಕರ ಬಸ್ಸಿಗೆ ಜೈನುದ್ದೀನಣ್ಣನ ಕೈಯಲ್ಲಿ ಕೊಡುತ್ತೇನೆ. ಇವರ ಜೊತೆಯ ಕಂಡಕ್ಟರು, ನಂಬಿಗಸ್ತರು. ಬಾಗೇವಾಡಿಯಲ್ಲಿ ಇಂಗಳೇಶ್ವರದ ವಸ್ತಿ ಬಸ್ಸಿಗೆ ದಾಟಿಸುತ್ತಾರೆ. ರಾತ್ರಿ ಊರಲ್ಲೇ ನಿಲ್ಲುವ ಬಸ್ಸು ಅದು, ಒಂಬತ್ತರೊಳಗೆ ನಿನ್ನ ಬಾಗಿಲು ಬಡಿಯುತ್ತಾರೆ. ಬಡಿದದ್ದು ನಿನಗೆ ಕೇಳುವುದಿಲ್ಲ, ಒಳಗೆ ಬಂದು ಭುಜ ಅಲುಗಿಸಿ ಎಂದು ಹೇಳಿದ್ದೇನೆ. ನಮ್ಮ ಬಸ್ಸು ಬೆಳಿಗ್ಗೆ ಐದೂವರೆಗೆ. ಅತ್ತೆ ಝಳಕಿಗೆ ಹೋಗುವ ಬಸ್ಸೂ ಅದರ ಹಿಂದೆಯೇ. ಸೀರೆ ಗಂಟು ಇನ್ನೂ ಬಿಚ್ಚಿಲ್ಲ.

ಬೆಳಗಾಗುವುದರೊಳಗೆ ಫೋನ್ ಮಾಡು. ನಿನಗೆ ಏನೂ ಕೇಳಬೇಕಾಗಿಲ್ಲ. ನಾವು ಎತ್ತಿದೆವೋ ಇಲ್ಲವೋ ಎಂದು ಯೋಚಿಸಬೇಡ. ನಂಬರು ಒತ್ತಿ, ಇಪ್ಪತ್ತು ಎಣಿಸಿ, ಮಾತಾಡಲು ಶುರುಮಾಡು. ಸ್ಪೀಕರ್ ಹಾಕಿ ನಡುಮನೆಯಲ್ಲಿ ಇಡುತ್ತೇನೆ, ಒಂದು ಕಡೆ ಇವರು, ಒಂದು ಕಡೆ ಅತ್ತೆ. ಪಂಚಮಿಯ ರಾತ್ರಿ ಎಂದು ಹೇಳು. ಎಡಗಾಲಿನದು ನಾನೇ ತಿರುಗಿಸಿದೆ ಎಂದು ಹೇಳು. ದುರ್ಗವ್ವನ ಹೆಸರು ಹಿಡಿದು ಹೇಳು. ಒಮ್ಮೆ ಹೇಳಿ ಇಟ್ಟುಬಿಡಬೇಡ, ಎರಡು ಸಲ ಹೇಳು, ಮೂರು ಸಲ ಹೇಳು.

ಬಯ್ಯುವುದು ಆಮೇಲೆ ಇರಲಿ, ಜೀವ ಇರುವವರೆಗೂ ಬಯ್ಯುತ್ತೇನೆ. ಈ ರಾತ್ರಿ ನಾನು ಮಲಗುವುದಿಲ್ಲ. ಸಾಕ್ಷಿಗೆ ಈ ಬೂಟು ಹಾಕುವುದಿಲ್ಲ, ಬರಿಗಾಲಲ್ಲಿ ಮಲಗಿಸಿ ಆ ಪಾದವನ್ನು ಕೈಯಲ್ಲೇ ಹೊರಕ್ಕೆ ಹಿಡಿದು ಕೂತಿರುತ್ತೇನೆ. ಇನ್ನೊಂದು ಕೈಯಲ್ಲಿ ಫೋನು. ಐದೂವರೆಯ ಒಳಗೆ, ಅಪ್ಪಾ. ಕತ್ತಲಿರುವಾಗಲೇ ಮಾಡು. ಮಾಡಪ್ಪಾ.

ಭಾಗ್ಯಾ